ಆರುವ ಕ್ರಮ

ನಲವತ್ತು ವಾಶ್‌ಬೇಸಿನ್ ಒಡೆದ ಮೇಲೆ
ಶುರುವಾಯಿತು ನನ್ನ ವಿದ್ಯಾಭ್ಯಾಸ.
ಪೆಟ್ಟಿಗೆಯ ಮೈಮೇಲೆ ಕೆಂಪಗೆ ಬರೆದಿತ್ತಂತೆ: ಮೇಲೆ.
ನನಗದು ಕೆಳಗೆ ಎಂದು ಕಂಡಿತು, ಅಥವಾ ಏನೂ ಕಾಣಲಿಲ್ಲ.
ಅಡ್ಡ ಒಂದು, ಉದ್ದ ಒಂದು, ಪಕ್ಕದಲ್ಲೊಂದು ಚೂರು;
ಎರಡು ಪದವೂ ಒಂದೇ ಸೌದೆಯಿಂದ ಸೀಳಿದ ಹಾಗೆ.
ಸಂಬಳದಲ್ಲಿ ಮುರಿದುಕೊಂಡರು ಮುನ್ನೂರು ದಿರ್ಹಮ್.

ಅಜ್ಮಾನಿನ ಈ ಗೋದಾಮಿನಲ್ಲಿ ಲೆಕ್ಕ ಬರೆಯುವವಳು
ವೆನ್‌ಝೌ ಕಡೆಯ ಷು ಮೇಡಂ.
ಮಂಡಿನೋವು. ಥರ್ಮಾಸಿನಲ್ಲಿ ಸದಾ ಬರಿಯ ಬಿಸಿನೀರು.
ನಮ್ಮಿಬ್ಬರ ನಡುವೆ ಅಂಗಡಿ ಹಿಂದಿ, ಕಾಲುಭಾಗ ಅರಬ್ಬಿ,
ಉಳಿದದ್ದಕ್ಕೆಲ್ಲ ಬೆರಳು.
ಹನ್ನೆರಡೂವರೆಯಿಂದ ಮೂರರವರೆಗೆ
ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ ಎಂಬುದು ಕಾನೂನು.
ಬಿಸಿಲಲ್ಲಿ ಬರೆಯುವಂತಿಲ್ಲ ಎಂದು ಯಾರೂ ಹೇಳಿಲ್ಲ.
ಶಟರಿನ ನೆರಳು ಮುಗಿಯುವ ಕಡೆ, ಸಿಮೆಂಟಿನ ಮೇಲೆ
ಪೇಂಟ್ ಬ್ರಶ್ಶನ್ನು ನೀರಿಗದ್ದಿ ತೋರಿಸಿದಳು.

ಮೇಲೆ: ಉದ್ದದ್ದು ಮೊದಲು, ಗಿಡ್ಡದು ಆಮೇಲೆ, ನೆಲ ಕೊನೆಗೆ.
ಕೆಳಗೆ: ಸೂರು ಮೊದಲು, ಅದರಿಂದ ಇಳಿಬಿಟ್ಟ ಹಗ್ಗ, ಒಂದು ಹನಿ.
'ಹೇಗೆ ಬರೆದರೇನು, ಕೊನೆಗೆ ಆಗುವುದು ಅದೇ ತಾನೇ?' ಎಂದೆ.
ಮಾತಾಡಲಿಲ್ಲ. ಥರ್ಮಾಸಿನ ಮುಚ್ಚಳ ತಿರುಗಿಸಿದಳು.

ಆಗಸ್ಟ್. ನಲವತ್ತೇಳು ಡಿಗ್ರಿ.
ಐದನೆಯ ಗೆರೆ ಎಳೆಯುವಷ್ಟರಲ್ಲಿ ಒಂದನೆಯದು ಇಲ್ಲ.
ನನ್ನ ಒಂದಕ್ಷರವೂ ಇಡಿಯಾಗಿ ಇರಲಿಲ್ಲ ಈ ಭೂಮಿಯ ಮೇಲೆ;
ಬಾಲ ಹುಟ್ಟುವಾಗ ತಲೆ ಹೋಗಿರುತ್ತಿತ್ತು.

ಮೂರನೆಯ ವಾರ ಕೊಟ್ಟದ್ದು 'ಹುಯಿ'.
ಹಿಂತಿರುಗುವುದು ಎಂದು ಅರ್ಥ.
ಚೌಕದೊಳಗೊಂದು ಚೌಕ, ಕೇರಂ ಬೋರ್ಡಿನಷ್ಟು ಸಲೀಸು.
ಅವಳಿಗೆ ಫೋನ್ ಬಂತು, ಒಳಗೆ ಹೋದಳು.
ನಾಲ್ಕೂ ಗೋಡೆ ಎಬ್ಬಿಸಿ, ಒಳಗೆ ಪುಟ್ಟ ಮನೆ ಕೂರಿಸಿ,
ಕೈ ಕಟ್ಟಿ ನಿಂತೆ.
ಬಂದವಳು ಬಗ್ಗಿ ನೋಡಿದಳು:
'ಬಾಗಿಲು ಹಾಕಿಕೊಂಡು ಆಮೇಲೆ ಒಳಗೆ ಕರೆದೆಯಾ?'
ನೋಡುತ್ತಿದ್ದೆಯಾ ಎಂದು ಕೇಳಿದೆ.
ಹೊಸಿಲ ಗೆರೆ ಆಗಲೇ ಮಾಯ, ಒಳಮನೆ ಇನ್ನೂ ಒದ್ದೆ.
'ಮೊದಲು ಬರೆದದ್ದು ಮೊದಲು ಆರುತ್ತದೆ.'

ಎಡಗೋಡೆ. ಸೂರು, ಬಲಗೋಡೆ ಒಂದೇ ಎಳೆತ.
ಆಮೇಲೆ ಒಳಮನೆ. ಎಲ್ಲ ಆದ ಮೇಲೆ ಹೊಸಿಲು.
ನಾನು ಈ ದೇಶಕ್ಕೆ ಬಂದಾಗ
ಸಹಿ ಹಾಕಿದ್ದು ಮೊದಲು, ಕಾಗದ ಓದಿಸಿಕೊಂಡದ್ದು ಆಮೇಲೆ.
ಅದನ್ನು ಅವಳಿಗೆ ಹೇಳುವಷ್ಟು ಹಿಂದಿ ಇಬ್ಬರಲ್ಲೂ ಇರಲಿಲ್ಲ.
ಹನ್ನೊಂದು ಸಲ ಬರೆದೆ.

'ಈಗ ನಿನ್ನ ಹೆಸರು, ನಿನ್ನ ಲಿಪಿಯಲ್ಲಿ.'
ಮೋನಪ್ಪ ಎಂದು ಬರೆದೆ.
ಕಸ್ಟಮ್ಸಿನವರ ಹಾಗೆ ಕುಕ್ಕರಗಾಲಲ್ಲಿ ಕೂತು ತನಿಖೆ:
ಹೊಟ್ಟೆ ಮೊದಲೋ ತಲೆಕಟ್ಟು ಮೊದಲೋ?
ಕೆಳಗೆ ನೇತಾಡುವ ಈ ಮರಿ ಯಾವಾಗ?
ಮೂವತ್ತೆಂಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ಮನೆಯಲ್ಲಿ ತುಳು. ಕನ್ನಡ ಶಾಲೆಯದು;
ಬೆನೆಡಿಕ್ಟಾ ಟೀಚರ್ ಕೈ ಹಿಡಿದು ತಿದ್ದಿಸುವಾಗ
ಅವರ ಉಂಗುರ ನನ್ನ ಗೆಣ್ಣಿಗೆ ಒತ್ತುತ್ತಿತ್ತು.
ಆ ನೋವು ನೆನಪಿದೆ, ಕ್ರಮ ನೆನಪಿಲ್ಲ.
'ಕೈಗೆ ಗೊತ್ತು' ಎಂದೆ. 'ನನಗೆ ಗೊತ್ತಿಲ್ಲ.'
'ಹಾಗಾದರೆ ಯೋಚಿಸದೆ ಬರೆ.'

ಬರೆದು, ಇಬ್ಬರೂ ನೆರಳಿಗೆ ಸರಿದು ಕಾದೆವು.
ಮೋ ಹೋಯಿತು, ದೀರ್ಘ ಒಂದು ಕ್ಷಣ ತಡವಾಗಿ.
ನ ಹೋಯಿತು. ದೊಡ್ಡ ಪ ಅಂಚಿನಿಂದ ಸವೆಯಿತು.
ಕೊನೆಗುಳಿದದ್ದು ಪುಟ್ಟ ಒತ್ತು,
ಮೇಲೆ ಯಾರೂ ಇಲ್ಲದೆ.
'ಸರಿ' ಎಂದಳು ಷು ಮೇಡಂ,
ಲೆಕ್ಕ ತಾಳೆಯಾದಾಗ ಹೇಳುವ ದನಿಯಲ್ಲಿ.

ಮೂರು ಗಂಟೆ. ಬೀಪ್ ಬೀಪ್ ಎನ್ನುತ್ತ
ಕಂಟೇನರ್ ಹಿಮ್ಮುಖವಾಗಿ ಬರುತ್ತಿತ್ತು.